ಹ್ಯಾಟು, ಸೊಳ್ಳೆಪರದೆ, ಇಲಿಬೋನು

ಊರ ನಡುವೆ ಅಂಗಡಿ ತೆರೆದು ಕೂತ ಮೇಲೆ ಗಿರಾಕಿ ಬರುವುದು ಬಿಡುವುದು ನಮ್ಮ ಕೈಲಿಲ್ಲ. ಆದರೆ ಇಂಥ ಪ್ರಸಂಗಗಳು ಮಾತ್ರ ಕರೆಯದೆಯೇ ಒಳಗೆ ಬರುತ್ತವೆ, ಬಂದು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಕೂತುಬಿಡುತ್ತವೆ.

ನಾನು ಸೊರಬದ ಕಡೆಯ ಹುಡುಗಿ. ಮದುವೆಯಾಗಿ ಬಂದದ್ದು ಶಿಕಾರಿಪುರದ ಪೇಟೆಬೀದಿಯ ಅಂಗಡಿಮನೆಗೆ. ನಯಾಪೈಸೆ ಆಗಲೇ ಬಂದಿತ್ತು, ಕಿಲೋ ಇನ್ನೂ ದಾರಿಯಲ್ಲಿತ್ತು, ಅಂಥ ಕಾಲ. ಮುಂದೆ ಅಂಗಡಿ, ಹಿಂದೆ ಅಡುಗೆಮನೆ, ನಡುವೆ ಒಂದು ಅರ್ಧ ಬಾಗಿಲು. ಅಂಗಡಿಯಲ್ಲಿ ಏನಿರಲಿಲ್ಲ ಅಂತ ಕೇಳಬೇಕು. ಬೆಲ್ಲದ ಪೆಂಟೆಯ ಪಕ್ಕ ಎತ್ತಿನ ಗಂಟೆ, ಕುಂಕುಮದ ಡಬ್ಬಿಯ ಕೆಳಗೆ ಕುರಿ ಉಣ್ಣೆ ಕತ್ತರಿಸುವ ಕತ್ತರಿ, ಸ್ಲೇಟು, ಮೊಳೆ, ಮೂಗುದಾರ, ಜ್ವರದ ಗುಳಿಗೆ. ಬಾಳೆಗೊನೆಯೂ ಲಾಟೀನೂ ಒಂದೇ ಹಗ್ಗಕ್ಕೆ ತೂಗುತ್ತಿದ್ದವು. ಗಲ್ಲಾದ ಮೇಲೆ ಮಾವನವರು, ತಕ್ಕಡಿಯ ಹತ್ತಿರ ನಮ್ಮನೆಯವರು. ಬಳೆ, ರಿಬ್ಬನ್ನು, ಹೆಂಗಸರ ಸಾಮಾನು ಕೇಳಿಕೊಂಡು ಬಂದವರು ಅರ್ಧ ಬಾಗಿಲಿಗೆ ಬಂದು ನನ್ನ ಹತ್ತಿರ ಮಾತಾಡುತ್ತಿದ್ದರು.

ಬರುತ್ತಾ ಇದ್ದ ಛತ್ರಿ

ಮಾವನವರದ್ದು ಒಂದೇ ಕಟ್ಟುನಿಟ್ಟು. ಅಂಗಡಿಯಲ್ಲಿ ಕೂತು ಯಾರೂ "ಇಲ್ಲ" ಅನ್ನಬಾರದು. ಅಂದರೆ ಲಕ್ಷ್ಮಿ ಎದ್ದು ಹೋಗುತ್ತಾಳಂತೆ. ಗಿರಾಕಿ ಕೇಳಿದ್ದು ಇದ್ದರೆ ಕೊಡಬೇಕು, ಇರದಿದ್ದರೆ "ಬರ್ತಾ ಐತಿ" ಅನ್ನಬೇಕು. ಊರಿನವರಿಗೆ ಇದರ ಅರ್ಥ ಗೊತ್ತಿತ್ತು. "ಬರ್ತಾ ಐತಿ" ಅಂದ ಕೂಡಲೇ ಎದುರಿನ ಅಂಗಡಿಗೆ ಹೋಗುತ್ತಿದ್ದರು.

ಅಂಬ್ಲಿಗೊಳದ ಕಡೆಯ ಒಬ್ಬ ರೈತನಿಗೆ ಗೊತ್ತಿರಲಿಲ್ಲ. ಮಳೆ ಹಿಡಿದ ದಿನಗಳು. ಅಂಗಡಿಯ ಛತ್ರಿಗಳೆಲ್ಲ ಮುಗಿದಿದ್ದವು. ಬೆಳಿಗ್ಗೆ ಬಂದವನೇ, "ಒಂದು ಛತ್ರಿ ಕೊಡ್ರಿ" ಅಂದ.

"ಬರ್ತಾ ಐತಿ" ಅಂದರು ಮಾವನವರು.

"ಹಂಗಾರೆ ಕುಂತಿರ್ತೀನಿ ಬಿಡ್ರಿ" ಅಂತ ಬೆಂಚಿನ ಮೇಲೆ ಕೂತೇಬಿಟ್ಟ.

ಶಿವಮೊಗ್ಗದ ಬಸ್ಸು ಬಂತು. ಅವನು ಎದ್ದು ಹೋಗಿ ಬಸ್ಸಿನ ತಲೆಯ ಮೇಲೆಲ್ಲ ಕಣ್ಣಾಡಿಸಿ, ವಾಪಸು ಬಂದು ಕೂತ. ಮಧ್ಯಾಹ್ನ ಬುತ್ತಿ ಬಿಚ್ಚಿ ರೊಟ್ಟಿ ತಿಂದ. ನನ್ನ ಹತ್ತಿರ ಮಜ್ಜಿಗೆ ಕೇಳಿ ಇಸಿದುಕೊಂಡ. ಮಾವನವರು ಗಲ್ಲಾದ ಮೇಲೆ ಅತ್ತ ಸರಿದರು, ಇತ್ತ ಸರಿದರು.

"ನಾಳೆ ಬಂದ್ರೂ ಆಗ್ತೈತಿ" ಅಂದರು.

"ನಾಳೆ ನಾಟಿ ಐತ್ರಿ. ಇವತ್ತು ಪುರಸೊತ್ತು." ಸ್ವಲ್ಪ ಹೊತ್ತು ಬಿಟ್ಟು ಅವನೇ ಕೇಳಿದ, "ಈಗ ಎಲ್ಲಿ ತನಕ ಬಂದಿರಬೌದ್ರಿ?"

ಮಾವನವರು ಸುಳ್ಳು ಹೇಳುವವರಲ್ಲ. ಆದರೆ ಲಕ್ಷ್ಮಿಯ ಪ್ರಶ್ನೆ. ಯೋಚನೆ ಮಾಡಿ, "ಸವಳಂಗ ದಾಟಿರಬೇಕು" ಅಂದರು.

ಹೊತ್ತು ಇಳಿಯುತ್ತಾ ಬಂತು. ಮಾವನವರು ಎದ್ದು ಒಳಗೆ ಬಂದರು. ಗೋಡೆಯ ಮೊಳೆಗೆ ನೇತುಹಾಕಿದ್ದ ತಮ್ಮ ಸ್ವಂತ ಛತ್ರಿ ತೆಗೆದುಕೊಂಡು ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಬೀದಿ ಸುತ್ತು ಹಾಕಿ, ಮುಂಬಾಗಿಲಿನಿಂದ ಅಂಗಡಿಗೆ ಬಂದರು.

"ಬಂತು ನೋಡ್ರಿ."

ಅವನು ಬಿಚ್ಚಿ ನೋಡಿದ. ಹಿಡಿಕೆ ಸವೆದಿತ್ತು. ಒಂದು ಕಡೆ ತೇಪೆ.

"ಇದು ಹಳೇದು ಇದ್ದಂಗೆ ಕಾಣ್ತೈತಲ್ರಿ?"

ಮಾವನವರು ಗಲ್ಲಾದ ಮೇಲೆ ಕೂತು ಪಂಚೆ ಸರಿಮಾಡಿಕೊಂಡು ಹೇಳಿದರು, "ದೂರದಿಂದ ಬಂದೈತಲ್ಲ."

ಸೇರಿನ ಬೇಳೆ

ಆಮೇಲೆ ಕಿಲೋ ಬಂತು. ಇನ್ನು ಮೇಲೆ ಸೇರು ಬಿಟ್ಟು ಕಿಲೋದಲ್ಲೇ ತೂಗಬೇಕು ಅಂತ ಡಂಗುರ ಸಾರಿದರು. ನಮ್ಮನೆಯವರು ಹೊಳೆಯುವ ಹೊಸ ತೂಕದ ಕಲ್ಲುಗಳನ್ನು ತಂದು, ಅರಿಶಿನ ಕುಂಕುಮ ಹಚ್ಚಿ ತಕ್ಕಡಿಗೆ ಇಟ್ಟರು.

ಮೊದಲ ಕಿಲೋ ತೊಗರಿಬೇಳೆ ತೆಗೆದುಕೊಂಡು ಹೋದವರು ನಮ್ಮ ಬೀದಿಯ ಒಬ್ಬರು ಹಿರಿಯಮ್ಮ. ಮರುದಿನ ಬಟ್ಟಲಲ್ಲಿ ಬೇಯಿಸಿದ ಬೇಳೆ ಹಿಡಿದುಕೊಂಡು ಬಂದರು.

"ನೋಡಪ್ಪ, ನಿನ್ನ ಕಿಲೋ ಬೇಳೆ ಬೇಯಂಗಿಲ್ಲ. ಅರ್ಧ ಹೊರೆ ಸೌದೆ ಉರಿಸೀನಿ. ನನಗೆ ಸೇರಿನ ಬೇಳೆನೇ ಕೊಡು."

ನಮ್ಮನೆಯವರು ಸಮಾಧಾನವಾಗಿ ತಿಳಿಸಿ ಹೇಳಿದರು, "ಅಜ್ಜಿ, ಬೇಳೆ ಅದೇ, ಚೀಲ ಅದೇ. ಬದಲಾಗಿದ್ದು ತೂಕದ ಕಲ್ಲು ಮಾತ್ರ."

"ಅದನ್ನೇ ನಾನೂ ಹೇಳೋದು. ಕಲ್ಲು ಹೊಸದು. ಅದಕ್ಕೇ ಬೆಂದಿಲ್ಲ."

ಮಾವನವರು ಮಗನಿಗೆ ಸುಮ್ಮನಿರು ಅಂತ ಕೈಸನ್ನೆ ಮಾಡಿ, ಮೂಲೆಯಲ್ಲಿದ್ದ ಹಳೆಯ ಕಲ್ಲು ತೆಗೆದು, ಅದೇ ಚೀಲದಿಂದ ಬೇಳೆ ತೂಗಿ ಕೊಟ್ಟರು. ಅಜ್ಜಿ ಮತ್ತೆ ಬಂದದ್ದು ಅಂಗಡಿ ತುಂಬಿದ್ದ ಹೊತ್ತಿಗೆ. "ಬೆಣ್ಣೆ ಹಂಗೆ ಕರಗಿ ಹೋತು" ಅಂತ ಎಲ್ಲರೆದುರು ಸಾಕ್ಷಿ ನುಡಿದರು. ಬೀದಿಯ ಹೆಂಗಸರೆಲ್ಲ ಸೇರಿನ ಬೇಳೆಯನ್ನೇ ಕೇಳತೊಡಗಿದರು.

"ಜನಕ್ಕೆ ತಿಳುವಳಿಕೆ ಬರೋದು ಯಾವಾಗ?" ಅಂತ ನಮ್ಮನೆಯವರು ಅವತ್ತು ಊಟಕ್ಕೆ ಕೂತಾಗಲೂ ಹೇಳುತ್ತಲೇ ಇದ್ದರು. ಸಾರು ಕಲಸಿ ಎರಡು ತುತ್ತು ತಿಂದವರು ಕೈ ನಿಲ್ಲಿಸಿದರು.

"ಇದು ಯಾವ ಬೇಳೆ?"

"ಕಿಲೋದು" ಅಂದೆ.

ಸ್ವಲ್ಪ ಅಗಿದು ನೋಡಿ ಹೇಳಿದರು, "ಒಂಚೂರು ಗಟ್ಟಿ ಅನ್ನಿಸ್ತದೆ, ಅಲ್ವಾ?"

ಕಾಣುವ ಕನ್ನಡಕ

ದಾವಣಗೆರೆಯಿಂದ ಒಂದು ತಟ್ಟೆ ತುಂಬ ಕನ್ನಡಕ ಬಂದಿದ್ದವು. ಡಾಕ್ಟರು, ಪರೀಕ್ಷೆ ಏನೂ ಇಲ್ಲ. ಹಾಕಿಕೊಂಡು ನೋಡುವುದು, ಕಂಡರೆ ಕೊಳ್ಳುವುದು.

ಉಡುತಡಿಯ ಕಡೆಯಿಂದ ಕುರಿ ಸಾಕುವ ಮನೆಯ ಒಬ್ಬ ಮುದುಕಿ ಸೊಸೆಯನ್ನು ಕರೆದುಕೊಂಡು ಬಂದಳು. ಒಂದೊಂದೇ ಹಾಕಿ ಬೀದಿ ನೋಡಿದಳು, ಸೂರು ನೋಡಿದಳು. ಕಡೆಗೆ ಒಂದು ಹಾಕಿಕೊಂಡವಳು ಹಾಗೇ ನಿಂತುಬಿಟ್ಟಳು. ಮಾವನವರನ್ನು ನೋಡಿ, "ನಿಮಗೂ ವಯಸ್ಸಾತಲ್ರಿ" ಅಂದಳು. ಆಮೇಲೆ ಪಕ್ಕಕ್ಕೆ ತಿರುಗಿ ಸೊಸೆಯನ್ನು ತಲೆಯಿಂದ ಕಾಲಿನ ತನಕ ನೋಡಿದಳು.

"ಇವಳು ಯಾರು?"

"ನಾನೇ ಅತ್ತೆ, ನಿಮ್ಮ ಸೊಸೆ."

"ನಾನು ನೋಡಿ ಒಪ್ಪಿದ ಹುಡುಗಿ ಬ್ಯಾರೆ ಇದ್ದಳು."

"ಅವತ್ತೂ ನಾನೇ ಇದ್ದೆ, ಅತ್ತೆ."

ಮುದುಕಿ ಇನ್ನೊಂದು ಸಲ ನೋಡಿ, "ಇರಲಿ ಬಿಡು, ಈಗೇನು ಮಾಡೋದು" ಅಂತ ಕನ್ನಡಕ ಹಾಕಿಕೊಂಡೇ ಊರಿಗೆ ಹೊರಟಳು.

ಕೆಲವು ದಿನ ಕಳೆದ ಮೇಲೆ ಸೊಸೆ ಒಬ್ಬಳೇ ಬಂದಳು. ಬೀದಿಯ ಆ ಕಡೆ ಈ ಕಡೆ ನೋಡಿ ನನ್ನ ಅರ್ಧ ಬಾಗಿಲಿಗೆ ಬಂದು ನಿಂತಳು. ಸೆರಗಿನಿಂದ ಕನ್ನಡಕ ಹೊರಗೆ ಬಂತು.

"ಯಾಕೆ, ಅತ್ತೆಗೆ ಸರಿಯಾಗಿ ಕಾಣ್ತಿಲ್ವಾ?" ಅಂದೆ.

"ಕಾಣ್ತೈತ್ರಿ ಅಕ್ಕಾರೆ. ಬಾಳ ಕಾಣ್ತೈತಿ. ಮೂಲೆ ಜೇಡರಬಲೆ ಕಾಣ್ತೈತಿ, ರಾಗಿ ಒಳಗಿನ ಕಲ್ಲು ಕಾಣ್ತೈತಿ. ನಿನ್ನೆ ಹಾಲಿನೊಳಗಿನ ನೀರು ಕಾಣ್ತೈತಿ ಅಂದರು. ನೀರು ಹಾಕಿದ ನನಗೇ ಅದು ಕಂಡಿದ್ದಿಲ್ಲ." ದನಿ ಇನ್ನೂ ತಗ್ಗಿಸಿದಳು. "ನಿದ್ದೆ ಮಾಡ್ಯಾರೆ, ಅದಕ್ಕೇ ತಂದೆ. ಇದೇ ಚೌಕಟ್ಟಿನೊಳಗೆ ಒಂಚೂರು ಕಮ್ಮಿ ಕಾಣೋದು ಕೊಡ್ರಿ."

ತಟ್ಟೆ ಹುಡುಕಿ ಅಂಥದೇ ಒಂದು ಕೊಟ್ಟೆ. ಸಂತೆಯ ದಿನ ಮುದುಕಿ ಸಿಕ್ಕಿದಳು. ಕನ್ನಡಕ ಹೇಗಿದೆ ಅಂತ ಕೇಳಿದೆ.

"ಬಾಳ ಚೊಲೋ ಐತವ್ವ. ಅದು ಬಂದಾಗಿಂದ ನಮ್ಮ ಸೊಸೆ ಕೆಲಸ ಕಲಿತಳು" ಅಂದಳು.

ಹ್ಯಾಟು

ನಮ್ಮನೆಯವರು ಒಮ್ಮೆ ಹುಬ್ಬಳ್ಳಿಗೆ ಲಾಟೀನು ತರಲು ಹೋಗಿ, ಒಂದು ಗೋಣಿಚೀಲ ತುಂಬ ಬಿಳಿ ಸಾಹೇಬರು ಹಾಕುತ್ತಿದ್ದ ಬೆಂಡಿನ ಹ್ಯಾಟು ಹೊತ್ತು ತಂದರು.

"ಇದನ್ನ ಯಾರು ಹಾಕ್ತಾರೋ?" ಅಂದರು ಮಾವನವರು.

"ಬಹಳ ಅಗ್ಗಕ್ಕೆ ಸಿಕ್ತು."

"ಹಾಕೋರು ಎದ್ದು ಹೋಗಿ ಹತ್ತು ವರ್ಷ ಆತು. ಅಗ್ಗ ಆಗ್ದೆ ಏನಾಗ್ತೈತಿ?"

ಹ್ಯಾಟುಗಳು ಸೂರಿನಿಂದ ನೇತಾಡಿಕೊಂಡು ಧೂಳು ಕುಡಿದವು. ಒಬ್ಬ ಕುರಿಗಾಹಿ ಬಿಸಿಲಿಗೆ ಚೆನ್ನಾಗಿದೆ ಅಂತ ಒಯ್ದು, ಮಾರನೇ ದಿನವೇ ತಂದು ಕೊಟ್ಟ. ಅವನ ನಾಯಿ ಅವನನ್ನೇ ಹಟ್ಟಿಯೊಳಗೆ ಬಿಡಲಿಲ್ಲವಂತೆ.

ಬಿಳಿಯರ ಮೇಲೆ ತಿರುಗಿಬಿದ್ದ ಊರು ಈಸೂರು, ಅಲ್ಲಿಯ ಒಬ್ಬ ರೈತ ಬಂದ. ತಲೆ ಎತ್ತಿ ಹ್ಯಾಟು ನೋಡಿದ. ಮುಖ ಗಂಟಾಯಿತು.

"ಇದನ್ನ ಹಾಕ್ಕೊಂಡೋರ್ನ ನಮ್ಮೂರಾಗೆ ಬಿಟ್ಟುಕೊಳ್ಳಂಗಿಲ್ಲ, ಗೊತ್ತೈತೇನ್ರಿ?" ಅಂದ. ಆಮೇಲೆ ಏನೋ ಹೊಳೆದವನಂತೆ, "ಒಂದು ಕೊಡ್ರಿ. ಹೊಲದ ಬೆದರುಬೊಂಬೆಗೆ ಹಾಕ್ತೀನಿ. ಹಕ್ಕಿ ಕಾಟ ಬಾಳ ಆಗೇತಿ" ಅಂತ ತೆಗೆದುಕೊಂಡು ಹೋದ.

ಮುಂದಿನ ಸಂತೆಗೆ ಮತ್ತೆ ಬಂದ. ನಮ್ಮನೆಯವರಿಗೆ ಕುತೂಹಲ. "ಹಕ್ಕಿ ಹೆದರಿದಾವೇನ್ರೀ?"

"ಎಲ್ಲಿ ಹೆದರ್ತಾವ್ರಿ? ಗುಬ್ಬಿ ಅದರೊಳಗೇ ಗೂಡು ಕಟ್ಯಾವೆ."

"ಹಾಗಾದ್ರೆ ವಾಪಸ್ ತಂದುಬಿಡಿ. ಬೇರೆ ಸಾಮಾನು ಕೊಡ್ತೀನಿ."

"ವಾಪಸ್ ಯಾಕ್ರಿ? ಮೊನ್ನೆ ಕಂದಾಯದ ಶೇಕದಾರ್ರು ಬೆಳೆ ನೋಡಾಕೆ ಸೈಕಲ್ ಮ್ಯಾಲೆ ಬಂದಿದ್ರು. ದೂರದಿಂದ ಹ್ಯಾಟು ಕಾಣ್ತು. ಯಾರೋ ಮ್ಯಾಲಿನ ಸಾಹೇಬ್ರು ತಪಾಸಣೆಗೆ ಬಂದಾರೆ ಅಂದ್ಕೊಂಡು ಸೈಕಲ್ ಇಳಿದು, ಕೋಟಿನ ಗುಂಡಿ ಹಾಕ್ಕೊಂಡು, ಕೈಮುಗಿದು ನಿಂತರು. ಸಾಹೇಬ್ರು ಮಾತಾಡಲಿಲ್ಲ. ಸಿಟ್ಟಿನಾಗೆ ಇರಬೇಕು ಅಂದ್ಕೊಂಡು ಇನ್ನೊಂದು ಸಲ ಕೈಮುಗಿದು, ಹಿಂದ್ಹಿಂದಕ್ಕೆ ಹೆಜ್ಜೆ ಇಟ್ಕೊಂಡು ಹೋದೋರು ಇವತ್ತಿನ ತನಕ ಆ ಕಡೆ ತಲೆ ಹಾಕಿಲ್ರಿ."

ಬೀಡಿ ಹಚ್ಚಿಕೊಂಡು ಸೂರಿನ ಕಡೆ ಕೈ ತೋರಿಸಿದ. "ಇನ್ನೊಂದು ಕೊಡ್ರಿ. ನಮ್ಮಣ್ಣನ ಹೊಲಕ್ಕೂ ಬೇಕಂತೆ."

ಪರದೆಯೊಳಗಿನವರು

ಸೊರಬದ ಸಂತೆಗೆ ಆಗಾಗ ನಾವೂ ಸಾಮಾನು ಒಯ್ಯುತ್ತಿದ್ದೆವು. ನನಗೆ ತವರುಮನೆ ಹತ್ತಿರ, ಅದಕ್ಕೆ ನಾನೂ ಹೋಗುತ್ತಿದ್ದೆ. ಆ ವರ್ಷ ಒಯ್ದದ್ದು ಸೊಳ್ಳೆಪರದೆ. ಸೊರಬದಲ್ಲಿ ಸೊಳ್ಳೆಗೆ ಕೊರತೆ ಇರಲಿಲ್ಲ. ಆದರೆ ಪರದೆ ನೋಡಿದವರು ಕಡಿಮೆ. ಬಂದವರೆಲ್ಲ ಮುಟ್ಟಿ ನೋಡಿ, "ಎಂತಕ್ಕೆ ಇದು? ಮೀನು ಹಿಡಿಯಕ್ಕಾ?" ಅಂತ ಕೇಳಿ ಹೋಗುತ್ತಿದ್ದರು.

ಬಾಯಲ್ಲಿ ಹೇಳಿದರೆ ಆಗದು, ಕಣ್ಣಿಗೆ ತೋರಿಸಬೇಕು ಅಂತ ನಮ್ಮನೆಯವರು ತೀರ್ಮಾನ ಮಾಡಿದರು. ಒಂದು ಮಂಚ ತರಿಸಿ, ನಾಲ್ಕು ಗಳ ನೆಟ್ಟು, ಬಿಳಿ ಪರದೆ ಕಟ್ಟಿ, ತಾವೇ ಒಳಗೆ ಹೋಗಿ ಮಲಗಿದರು. ಮಲಗಿದವರು ತೋರಿಸುವುದಕ್ಕೆ ಮಲಗಿದ್ದೇನೆ ಅನ್ನುವುದನ್ನು ಮರೆತು ನಿದ್ದೆಹೋದರು. ನಾನು ತವರಿಗೆ ಹೋಗಿದ್ದೆ.

ವಾಪಸು ಬಂದಾಗ ನಮ್ಮ ಮಳಿಗೆಯ ಮುಂದೆ ಜನ. ಎಲ್ಲರೂ ನೆಲದ ಮೇಲೆ ಕೂತಿದ್ದಾರೆ. ಮಾತಿಲ್ಲ. ಪರದೆಯ ಮುಂದೆ ಎರಡು ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು, ದಾಸವಾಳದ ಹೂವು. ನನಗೆ ಎದೆ ಧಸಕ್ ಅಂತು. ಹತ್ತಿರ ಹೋಗಿ ನೋಡಿದರೆ ಗೊರಕೆ ಕೇಳಿಸಿತು. ಜೀವ ಬಂತು.

ಮುಂದೆ ಕೂತಿದ್ದ ಒಬ್ಬ ಹಿರಿಯರು ಪಿಸುದನಿಯಲ್ಲಿ, "ಮೌನದಲ್ಲಿದ್ದಾರೆ. ಒಳಗಿಂದ ಓಂಕಾರ ಮಾತ್ರ ಬರ್ತಾ ಇದೆ. ನೀವು ಇವರ ಕಡೆಯವರಾ ತಾಯಿ?" ಅಂದರು.

"ಹೌದು."

"ಮಾತು ಯಾವಾಗ ಆಡ್ತಾರೆ?"

"ಊಟಕ್ಕೆ ಕರೆದಾಗ" ಅಂದೆ.

"ಈ ಪರದೆ ಎಂತಕ್ಕೆ?"

"ಸೊಳ್ಳೆ ಬರಬಾರದು ಅಂತ."

ಅವರು ನಿಟ್ಟುಸಿರು ಬಿಟ್ಟರು. "ಹೌದು ತಾಯಿ. ಈ ಲೋಕದ ತುಂಬ ಅದೇ."

ಇನ್ನು ತಡ ಮಾಡಿದರೆ ಮಂಗಳಾರತಿಯೂ ಆಗಿಬಿಡುತ್ತದೆ ಅಂತ ನಾನು ಪರದೆಯ ಹತ್ತಿರ ಬಾಗಿ, "ರೀ, ಊಟಕ್ಕೆ ಏಳ್ರೀ" ಅಂದೆ. ನಮ್ಮನೆಯವರು ಎದ್ದು ಕೂತರು. ಕಣ್ಣು ಬಿಟ್ಟರೆ ಎದುರಿಗೆ ಇಷ್ಟು ಜನ ಕೈಮುಗಿದುಕೊಂಡಿದ್ದಾರೆ. ವ್ಯಾಪಾರ ಕುದುರಿತು ಅಂದುಕೊಂಡು, ನಿದ್ದೆಗಣ್ಣಿನಲ್ಲೇ ಗಂಭೀರವಾಗಿ ಹೇಳಿದರು:

"ದೊಡ್ಡದೂ ಇದೆ, ಚಿಕ್ಕದೂ ಇದೆ. ನಿಮ್ಮ ನಿಮ್ಮ ಅಳತೆಗೆ ತಕ್ಕಂತೆ ತಗೊಳ್ಳಿ."

ಹಿರಿಯರು ಕಣ್ಣು ಮುಚ್ಚಿಕೊಂಡು, "ಎಂಥ ಮಾತು!" ಅಂದರು.

ಇಲಿಬೋನು

ಸೊರಬದಲ್ಲಿ ಒಬ್ಬ ಸ್ಕೂಲು ಮೇಷ್ಟ್ರು, ನಮ್ಮ ತವರಿನ ನೆರೆಮನೆಯವರು. ಶಿಕಾರಿಪುರದ ನಮ್ಮ ಬೀದಿಯದೇ ಒಂದು ಹುಡುಗಿಯ ಜೊತೆ ಸಂಬಂಧದ ಮಾತು ನಡೆದಿತ್ತು. ಮೇಷ್ಟ್ರು ನಮ್ಮಮ್ಮನ ಹತ್ತಿರ ಒಂದು ಕೋರಿಕೆ ಹೇಳಿ ಕಳಿಸಿದರು: "ಇಲ್ಲಿ ತನಕ ಹೆಣ್ಣು ನೋಡೋಕೆ ಹೋದ ಕಡೆಯೆಲ್ಲ ತಲೆ ತಗ್ಗಿಸಿ ಕೂತಿರ್ತಾರೆ. ನಾನು ನೋಡಿರೋದು ಬರೀ ಬೈತಲೆ. ಈ ಹುಡುಗೀನ ಉಪ್ಪಿಟ್ಟು, ಕೇಸರಿಬಾತಿನ ಗಲಾಟೆ ಇಲ್ಲದೆ ಒಂದು ಸಲ ನೋಡೋ ಹಾಗಾದ್ರೆ ಆಗ್ತಿತ್ತು."

ನಾನು ಹುಡುಗಿಗೂ ಅವಳ ತಾಯಿಗೂ ಹೇಳಿದೆ. ಏರ್ಪಾಡಾಯಿತು. ಹುಡುಗಿ ಹಸಿರು ಸೀರೆ ಉಟ್ಟು ರಿಬ್ಬನ್ನು ಕೊಳ್ಳಲು ಅಂಗಡಿಗೆ ಬರುವುದು, ಮೇಷ್ಟ್ರು ಗಿರಾಕಿಯ ಹಾಗೆ ನಿಂತು ನೋಡುವುದು. ಮಾವನವರಿಗೆ ಹೇಳಲಿಲ್ಲ. ಅವರ ಬಾಯಲ್ಲಿ ಗುಟ್ಟು ನಿಲ್ಲುತ್ತಿರಲಿಲ್ಲ.

ಆ ದಿನ ಹುಡುಗಿ ಹೊತ್ತಿಗೆ ಮುಂಚೆಯೇ ಬಂದಳು. ಮನೆಯಲ್ಲಿ ಉಡುವ ಮಾಸಿದ ಸೀರೆ.

"ಹಸಿರು ಸೀರೆ ಎಲ್ಲೇ?" ಅಂದೆ.

"ಅವರು ನನ್ನ ನೋಡೋಕಿಂತ ಮೊದಲು ನಾನು ಅವರನ್ನ ನೋಡಬೇಡ್ವಾ ಅಕ್ಕ?" ಅಂತ ಅರ್ಧ ಬಾಗಿಲಿನ ಹಿಂದೆ ನನ್ನ ಜೊತೆ ಅಕ್ಕಿ ಆರಿಸುತ್ತಾ ಕೂತಳು.

ಮೇಷ್ಟ್ರು ಬಸ್ಸಿಳಿದು ಬಂದರು. ಎಣ್ಣೆ ಹಾಕಿ ಬಾಚಿದ ತಲೆ, ಇಸ್ತ್ರಿ ಮಾಡಿದ ಕೋಟು. ಕಣ್ಣು ಬೀದಿಯ ಮೇಲೆ.

"ಏನು ಬೇಕ್ರಿ?" ಅಂದರು ಮಾವನವರು.

"ಸುಮ್ಮನೆ ನೋಡೋಣ ಅಂತ..."

"ನೋಡೋಕೆ ಏನು ಬೇಕ್ರಿ?"

ಮೇಷ್ಟ್ರ ಕಿವಿ ಕೆಂಪಾಯಿತು. "ಗುಂಡುಸೂಜಿ" ಅಂದರು.

ಗುಂಡುಸೂಜಿ ಬಂತು. ಹುಡುಗಿ ಬರಲಿಲ್ಲ. ಸಾಮಾನು ಕೊಂಡ ಮೇಲೂ ನಿಂತಿರುವುದಕ್ಕೆ ಕಾರಣ ಬೇಕಲ್ಲ, ಮೇಷ್ಟ್ರು ಹಗ್ಗ ಕೇಳಿದರು. ಆಮೇಲೆ ಬಾಗಿಲ ಚಿಲಕ. ಆಮೇಲೆ ಎತ್ತಿನ ಗಂಟೆ. ಇಷ್ಟು ಒಳ್ಳೆಯ ಗಿರಾಕಿ ಸಿಕ್ಕಿದ್ದಕ್ಕೆ ಮಾವನವರಿಗೆ ಹುರುಪು ಬಂದು ಇಲಿಬೋನು ತೆಗೆದರು. ಕಾಯಿಚೂರು ಎಲ್ಲಿ ಸಿಕ್ಕಿಸಬೇಕು, ಇಲಿ ಎಲ್ಲಿಂದ ಬರುತ್ತದೆ, ಬಾಗಿಲು ಹೇಗೆ ಬೀಳುತ್ತದೆ ಅಂತ ಕೈಬೆರಳನ್ನೇ ಇಲಿ ಮಾಡಿ ತೋರಿಸಿದರು. ಅಷ್ಟರಲ್ಲಿ ಬೀದಿಯಲ್ಲಿ ಹಸಿರು ಸೀರೆಯೊಂದು ಕಂಡಿತು. ಮೇಷ್ಟ್ರು ಕೊರಳು ಚಾಚಿದರು. ಸೀರೆ ಹತ್ತಿರ ಬಂತು. ಸೊಪ್ಪು ಮಾರುವ ಮುದುಕಿ. ಗಾಬರಿಯಲ್ಲಿ ಮೇಷ್ಟ್ರು ಇಲಿಬೋನು ತೆಗೆದುಕೊಂಡರು.

ನನ್ನ ಪಕ್ಕದಲ್ಲಿ ಹುಡುಗಿ ಸೆರಗು ಬಾಯಿಗೆ ತುರುಕಿಕೊಂಡಿದ್ದಳು.

"ಮತ್ತೇನು ಬೇಕ್ರಿ?"

ಬೀದಿಯಿಂದ ಕಣ್ಣು ತೆಗೆಯದೆ ಮೇಷ್ಟ್ರು ಯಾವುದೋ ಒಂದು ಕಡೆ ಬೆರಳು ತೋರಿಸಿದರು. ಬೆರಳು ನಿಂತದ್ದು ಮಗುವಿಗೆ ಹಾಲು ಕುಡಿಸುವ ಬಾಟಲಿಯ ಮೇಲೆ. ಅದು ಹೆಂಗಸರ ಸಾಮಾನಿನ ಗೂಡು. ಮಾವನವರು ಹಗ್ಗ ಸುತ್ತುತ್ತಿದ್ದವರು, "ಒಂದು ಬಾಟ್ಲಿ ಕೊಟ್ಟುಬಿಡಮ್ಮ" ಅಂತ ನನಗೆ ಕೂಗಿದರು. ನಾನು ಏಳುವುದರೊಳಗೆ ಹುಡುಗಿಯೇ ಎದ್ದು, ಬಾಟಲಿ ತೆಗೆದು, ಅರ್ಧ ಬಾಗಿಲಿಗೆ ಬಂದು ಕೈಚಾಚಿದಳು.

"ತಗೊಳ್ಳಿ. ಮಗೂಗೆ ಎಷ್ಟು ತಿಂಗಳು?"

ಮೇಷ್ಟ್ರು ಬೆಚ್ಚಿ ತಿರುಗಿದರು. ಕೈಯಲ್ಲಿ ಬಾಟಲಿ. "ಮಗು ಇಲ್ಲ. ನನಗಿನ್ನೂ ಮದುವೆ ಆಗಿಲ್ಲ. ಹೆಣ್ಣು ನೋಡೋಕೆ ಬಂದಿದೀನಿ."

"ಹೌದಾ? ಮುಂದಾಲೋಚನೆ ಜಾಸ್ತಿ ನಿಮಗೆ" ಅಂದಳು.

ಮೇಷ್ಟ್ರು ಅವಳ ಮುಖವನ್ನೇ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ. ಆಮೇಲೆ ಹಸಿರು ಸೀರೆಯವರು ಎಷ್ಟೋ ಜನ ಬೀದಿಯಲ್ಲಿ ಹೋದರು, ಮೇಷ್ಟ್ರು ತಿರುಗಿಯೂ ನೋಡಲಿಲ್ಲ. ಅವಳು ಒಳಗೆ ಹೋದ ಮೇಲೆ ಹೊರೆಯಷ್ಟು ಸಾಮಾನು ಹೊತ್ತುಕೊಂಡು ಅರ್ಧ ಬಾಗಿಲಿಗೆ ಬಂದು ನನಗೆ ಮೆಲ್ಲಗೆ ಹೇಳಿದರು:

"ಅಕ್ಕಾ, ತಪ್ಪು ತಿಳೀಬೇಡಿ. ಆ ಹಸಿರು ಸೀರೆ ಹುಡುಗಿಗೆ ಇನ್ನು ಬರೋದು ಬೇಡ ಅಂತ ಹೇಳಿಬಿಡಿ. ಈಗ ಬಾಟ್ಲಿ ಕೊಟ್ಟರಲ್ಲ, ಅವರು ಯಾರ ಮನೆಯವರು?"

ನಾನು ಹೇಳಿದೆ, "ಹಸಿರು ಸೀರೆ ಅವಳ ಮನೇಲಿ ಮಡಿಚಿಟ್ಟಿದೆ ಕಣಪ್ಪ."

ಮೇಷ್ಟ್ರು ಎತ್ತಿನ ಗಂಟೆ ಕಾಲ ಮೇಲೆ ಬೀಳಿಸಿಕೊಂಡರು.

ಸರಿ, ಹಿರಿಯರೆಲ್ಲ ಸೇರಿ ಶಾಸ್ತ್ರಕ್ಕೆ ಹೆಣ್ಣು ನೋಡುವ ದಿನ ಬಂತು. ಉಪ್ಪಿಟ್ಟು, ಕೇಸರಿಬಾತು ಎರಡೂ ಆದವು. ಹುಡುಗಿ ಹಸಿರು ಸೀರೆಯುಟ್ಟು ಚಾಪೆಯ ಮೇಲೆ ಕೂತಳು. ಮೇಷ್ಟ್ರಿಗೆ ಏನಾದರೂ ಕೇಳುವುದಿದೆಯಾ ಅಂದರು. ಇಲ್ಲ ಅಂದರು. ಮೇಷ್ಟ್ರ ದೊಡ್ಡಪ್ಪ ಸುಧಾರಣೆಯ ಮನುಷ್ಯ. "ಕಾಲ ಬದಲಾಗಿದೆ. ಹುಡುಗಿಗೂ ಏನಾದ್ರೂ ಕೇಳೋದಿದ್ರೆ ಕೇಳಲಿ" ಅಂದರು. ಯಾವ ಹುಡುಗಿಯೂ ಕೇಳುವುದಿಲ್ಲ ಅನ್ನುವ ಧೈರ್ಯ ಅವರಿಗೆ.

ಹುಡುಗಿ ತಲೆ ಎತ್ತಿದಳು.

"ಇಲಿ ಬಿತ್ತೇನ್ರೀ?"

ದೊಡ್ಡಪ್ಪನವರ ಕೈಯ ಕಾಫಿ ಲೋಟ ಅರ್ಧ ದಾರಿಯ ಮೇಲೆ ನಿಂತಿತು. ಮೇಷ್ಟ್ರು ನೆಲ ನೋಡುತ್ತಾ, "ಬಿತ್ತು" ಅಂದರು.

ಹುಡುಗಿ ಒಪ್ಪಿಗೆ ಅಂತ ತಲೆಯಾಡಿಸಿ ಎದ್ದು ಒಳಗೆ ಹೋದಳು.

ತಾಂಬೂಲ ಬದಲಾಯಿಸುವ ಗಡಿಬಿಡಿಯಲ್ಲಿ ಮೇಷ್ಟ್ರ ತಾಯಿ ನನ್ನನ್ನು ಕೈಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದರು. ಮುಖದಲ್ಲಿ ಆತಂಕ.

"ಹುಡುಗಿ ಲಕ್ಷಣವಾಗಿದ್ದಾಳೆ ಮಾರಾಯ್ತಿ, ಎಂತದೂ ದೂರು ಇಲ್ಲ. ಆದ್ರೆ ನಮ್ಮನೇಲಿ ಇಲಿ ಇರೋ ಸುದ್ದಿ ಶಿಕಾರಿಪುರದ ತನಕ ಬಂದಿದೆಯಲ್ಲ, ಇದನ್ನ ಹೇಳಿದ್ದು ಯಾರೇ?"